ಅರ್ಧ ದಿನದ ರಜೆ

ಅರ್ಧ ದಿನ ಸಾಕು ಅಂದಿದ್ದೆ ಮಾಲೀಕರಿಗೆ.
ಬಕ್ರೀದಿಗೆ ಹನ್ನೊಂದು ದಿನ,
ನಲವತ್ತು ಅಂಗಿಗಳು ತೋಳಿಲ್ಲದೆ ನೇತಾಡುತ್ತಿದ್ದವು.

ರೂವಿಯ ಈ ಓಣಿಯಲ್ಲಿ ಹದಿನಾಲ್ಕು ವರ್ಷ
ಹೆಂಗಸರ ಎದೆ ಅಳೆದವಳು ನಾನು.
ಮೂವತ್ತಾರು. ನಲವತ್ತೆರಡು. ಬಿಗಿಹಿಡಿಯಬೇಡಿ, ಉಸಿರು ಬಿಡಿ.
ಅಳತೆಪುಸ್ತಕದಲ್ಲಿ ಮಸ್ಕತ್ತಿನ ಅರ್ಧ ಹೆಂಗಸರಿದ್ದಾರೆ,
ನಾನಿಲ್ಲ.

ಸೋಪು ಜಾರಿದಾಗ ಸಿಕ್ಕಿತ್ತು,
ಕಾಲರಿನ ಗುಂಡಿಯಷ್ಟು.
ತೂತಿಲ್ಲ, ದಾರವಿಲ್ಲ,
ಆದರೂ ಯಾರೋ ಗಟ್ಟಿಯಾಗಿ ಹೊಲಿದಿದ್ದರು.

ಎಂಟೂಕಾಲಿಗೆ ಟೋಕನ್.
ಎಲ್ಲ ಒಂದೇ ದಿನ, ಚೇಚಿ, ಅಲೆದಾಟವಿಲ್ಲ,
ಅಂದಳು ಕೊಟ್ಟಾಯಂನ ನರ್ಸ್.
ಎರಡು ಹಲಗೆಯ ನಡುವೆ ಒತ್ತಿದರು,
ತಣ್ಣನೆಯ ಲೋಳೆ ಸವರಿ ಹುಡುಕಿದರು,
ಆಮೇಲೆ ಸೂಜಿ ಅಂದರು. ನಕ್ಕುಬಿಟ್ಟೆ.
ಸೂಜಿಗೆ ಹೆದರುವ ಕೈಯೇ ಇದು?
ಗಾಜಿನ ಮೇಲೆ ನನ್ನದೊಂದು ಹನಿ ಸವರಿ
ಹುಡುಗನೊಬ್ಬ ಒಯ್ದ,
ತುಂಬಿದ ಚಹಾ ಲೋಟ ಒಯ್ಯುವವನಂತೆ ಹುಷಾರಾಗಿ.

ಕೂತೆ.
ಮಲ್ಪೆಯ ದೊಡ್ಡಮ್ಮ ನೆನಪಾದಳು.
ಅವಳ ಕಾಗದ ಬರಲು ಹತ್ತೊಂಬತ್ತು ದಿನ.
ಅಷ್ಟರಲ್ಲಿ ಚೀಟಿಯ ಕಂತು ಕಟ್ಟಿದಳು,
ಬೀಗದ ಕೈ ಎಲ್ಲೆಂದು ಸೊಸೆಗೆ ತೋರಿಸಿದಳು,
ಮಾತು ಬಿಟ್ಟಿದ್ದ ನಾದಿನಿಯ ಮನೆಗೆ ಹೋಗಿ
ಗಂಜಿ ಉಂಡು ಬಂದಳು.
ಕಾಗದ ಬಂದಾಗ ಒಕ್ಕಣೆ ಅವಳಿಗೆ ಬಾಯಿಪಾಠ.
ನಿಜ. ಆದರೆ ಆ ಹತ್ತೊಂಬತ್ತು ದಿನ
ಗಂಟೂ ಕೈಕಟ್ಟಿ ಕೂತಿರಲಿಲ್ಲ.

ಪಕ್ಕದ ಕುರ್ಚಿಯ ಒಮಾನಿ ಹೆಂಗಸು,
ಮುಖಕ್ಕಿಂತ ಮೊದಲು ತೋಳಿನ ಅಂಚು ಗುರುತಾಯಿತು:
ಬೆಳ್ಳಿದಾರ, ಖರ್ಜೂರದ ಗರಿ. ನನ್ನದೇ ಕೈ.
ಶಮ್ಸಾ, ಅಂದೆ. ಅವಳು ನನ್ನ ಬೆರಳು ಹಿಡಿದಳು.
ಮೊದಲು ಅವಳನ್ನು ಕರೆದರು.
ಮಾಫಿ, ಏನಿಲ್ಲವಂತೆ, ಮಾಫಿ,
ಅನ್ನುತ್ತ ಬಂದು ಕೂತವಳು
ಏಳಲಿಲ್ಲ. ಅಳುತ್ತಿದ್ದಳು.

ಒಂದೂಮುಕ್ಕಾಲಿಗೆ ನಾನು.
ಡಾಕ್ಟರ್ ಮೇಜಿನಾಚೆ ಇದ್ದ ಕುರ್ಚಿಯನ್ನು
ನನ್ನ ಪಕ್ಕಕ್ಕೆ ಎಳೆದುಕೊಂಡರು.
ಕುರ್ಚಿ ಸರಿದ ಸದ್ದಿಗೇ ತಿಳಿಯಿತು.
ಚಿಕ್ಕದು, ಬೇಗ ಸಿಕ್ಕಿದೆ, ಮುಂದಿನ ಭಾನುವಾರವೇ, ಅಂದರು.
ಥ್ಯಾಂಕ್ಸ್ ಅಂದೆ. ರಜೆಯ ಚೀಟಿ ಕೇಳಿದೆ.
ಎರಡೂವರೆಗೆ ಅಂಗಡಿ. ಆರು ತೋಳು ಕೂರಿಸಿದೆ.
ಒಂದೂ ಸುಕ್ಕಿಲ್ಲ.
ರಾತ್ರಿ ಸೊಹಾರಿಗೆ ಫೋನು: ಜಯಕರ ಮಾತಾಡಲಿಲ್ಲ,
ಅವನ ಹಿಂದೆ ಕ್ರೇನು ಏನನ್ನೋ ಇಳಿಸುತ್ತಿತ್ತು.

ಮೊದಲ ಸಲ ಈ ಊರಿಗೆ ಇಳಿದಾಗ
ನಾನು ಬಂದಿದ್ದೆ, ಪೆಟ್ಟಿಗೆ ಬಂದಿರಲಿಲ್ಲ.
ಪಟ್ಟಿ ಸುತ್ತುತ್ತಲೇ ಇತ್ತು, ಕೊನೆಗೆ ಬರಿದೆ ಸುತ್ತಿತು.
ಮೂರು ದಿನ ಯಾರದೋ ನೈಟಿಯಲ್ಲಿ ನಗುತ್ತ ಓಡಾಡಿದೆ.
ನಾಲ್ಕನೆಯ ದಿನ ಬಾಗಿಲು ಬಡಿದು ತಂದಿಟ್ಟರು.
ಒಳಗೆ ಉಪ್ಪಿನಕಾಯಿ ಬಾಟಲಿ ಒಡೆದಿತ್ತು,
ಮದುವೆಯ ಸೀರೆ, ಒಳಲಂಗ, ದೇವರ ಪಟ,
ಎಲ್ಲಕ್ಕೂ ಎಣ್ಣೆ.

ಈಗಲೂ ನಾಲ್ಕನೆಯ ದಿನವೇ.
ಯಾರದೋ ಕುಪ್ಪಸದ ಟಕ್ಸಿಗೆ ಚಾಕಿನ ಗೆರೆ ಎಳೆಯುತ್ತಿದ್ದೆ,
ಎಡಕ್ಕೊಂದು, ಬಲಕ್ಕೊಂದು,
ಬಲದ ಗೆರೆ ಅರ್ಧಕ್ಕೆ ನಿಂತಿತು.
ಬಂತು. ಹೆಸರು ಸರಿ, ವಿಳಾಸ ಸರಿ.
ಒಡೆದೇ ಬಂದಿತ್ತು.
ಇಸ್ತ್ರಿ ಮೇಜಿನ ಕೆಳಗೆ ಕೂತು, ಬಟ್ಟೆಯ ಚೂರು ಬಾಯಿಗೆ ತುರುಕಿ,
ಎಷ್ಟು ಹೊತ್ತೋ.

ಸಂಜೆ ಶಮ್ಸಾ ಬಂದಳು, ಹಬ್ಬದ ಅಂಗಿಗೆ.
ನಿನಗೇನಂದರು ಎಂದು ಕೇಳಲಿಲ್ಲ.
ನನ್ನ ಕಣ್ಣು ನೋಡಿದಳು, ಸಾಕಿತ್ತು.
ಟೇಪು ಸುತ್ತಿದೆ. ಹಲಗೆಯಂತೆ ನಿಂತಿದ್ದಳು,
ಏನಿಲ್ಲ ಅನ್ನಿಸಿಕೊಂಡವಳು.
ಉಸಿರು ಬಿಡಿ, ಅಂದೆ.
ಬಿಟ್ಟಳು, ನಾಲ್ಕು ದಿನದ್ದು.
ಟೇಪು ಎರಡಿಂಚು ಸಡಿಲಾಯಿತು.
ಪುಸ್ತಕದಲ್ಲಿ
ಹಳೆಯ ಅಳತೆಯನ್ನೇ ಉಳಿಸಿದೆ.