ಕೌದಿ ಕಲ್ಲು, ದಿಂಬು ಕಲ್ಲು

ಪರೀಕ್ಷೆಯ ಹಿಂದಿನ ಸಂಜೆ
ಗದಗಿನ ನಮ್ಮ ಕಾಲೇಜಿನ ಹಿತ್ತಲ ನಳದ ಕೆಳಗೆ
ಅಟೆಂಡರ್ ರಾಜೇಸಾಬ ನದಾಫ ಕಲ್ಲು ತೊಳೆಯುತ್ತಿದ್ದ,
ಬುಟ್ಟಿಯಲ್ಲಿ ಹುರುಳಿ ಅಲುಗಿಸಿದಂತೆ.
ಚೀಟಿಗಳೆಲ್ಲ ನೆನೆದು ಕಿತ್ತು ಮೋರಿಯಲ್ಲಿ ತೇಲುತ್ತಿದ್ದವು.

ನನ್ನ ಎದೆ ಧಸಕ್ಕೆಂದಿತು:
ನನಗೆ ಬಾಯಿಪಾಠವಿದ್ದದ್ದು ಚೀಟಿ, ಕಲ್ಲಲ್ಲ.

"ಚೀಟಿ ಯಾಕ್ ಬೇಕ್ರಿ ಅಕ್ಕಾರ" ಎಂದ.
ಎರಡನ್ನು ಹೆಕ್ಕಿ ನನ್ನ ಅಂಗೈಗಳಲ್ಲಿಟ್ಟ.
ಎಡಕ್ಕೆ ಗಜೇಂದ್ರಗಡದ ಕೆಂಪು,
ಬಲಕ್ಕೆ ಕಪ್ಪತಗುಡ್ಡದ ಹಸಿರು ಬೆರೆತ ಕಪ್ಪು.
ಪಂಚೆಯ ತುದಿಯಿಂದ ಎರಡನ್ನೂ ಒರೆಸಿದ,
"ಒಂದೊಂದ ಹನಿ ನೀರು ಹಾಕ್ರಿ."

ಕೆಂಪು ಕುಡಿದೇಬಿಟ್ಟಿತು,
ಬಿಸಿಲಲ್ಲಿ ನಡೆದು ಬಂದ ಬೀಗರ ಹಾಗೆ.
ಕಪ್ಪಿನ ಮೇಲೆ ಹನಿ ಗುಂಡಗೆ ಕೂತೇ ಇತ್ತು,
ಸಾಲ ಕೇಳಲು ಬಂದವನು
ಒಳಗೆ ಕರೆಯಲಿ ಎಂದು ಕಟ್ಟೆಯ ಮೇಲೆ ಕಾದಂತೆ.

ಅವನಪ್ಪ ಪಿಂಜಾರ. ಸ್ಟೇಶನ್ ರಸ್ತೆಯಲ್ಲಿ ಗಾದಿ ಅಂಗಡಿ.
ಬಿಲ್ಲಿನ ನಾರಿ ಮಿಡಿದರೆ ಅರಳೆ ಎದ್ದು
ಮೀಸೆಯ ಮೇಲೆ ಇಳಿಯುತ್ತಿತ್ತಂತೆ.
ಹಾಗಾಗಿ ರಾಜೇಸಾಬನಿಗೆ
ಭೂಮಿಯೂ ಹಾಸಿಗೆಯ ಲೆಕ್ಕವೇ.

"ಈ ಕೆಂಪಂದು ಕೌದಿ ರೀ.
ಹಳೇ ಸೀರಿ ಮ್ಯಾಲೆ ಹಳೇ ಸೀರಿ, ಅದರ ಮ್ಯಾಲೆ ಧೋತರ.
ನೀರು ಒಂದೊಂದ ಪದರ ಹಾಸಿ ಹೋಗೇತಿ,
ಅದಕ್ಕೇನ್ ಅವಸರಿಲ್ಲ.
ತಳದಾಗಿಂದು ಅಜ್ಜೀದು, ಮ್ಯಾಲಿಂದು ಸೊಸೀದು.
ಹೊಲಿಗಿ ಇಲ್ಲೈತಿ ನೋಡ್ರಿ."
ಅವನು ಬೆರಳಿಟ್ಟಲ್ಲಿ ಅಲೆಯ ಗೀರುಗಳು.
ಹೆಸರಿಲ್ಲದ ಯಾವುದೋ ದಂಡೆಯಲ್ಲಿ
ಒಂದು ಮಧ್ಯಾಹ್ನ ಬೀಸಿದ ಗಾಳಿ, ಇನ್ನೂ ಒರಟಾಗಿ.

"ಇದು ದಿಂಬು. ಬೆಂಕಿ ನೀರಾಗ ಬಂದು ಬಿದ್ದಕೂಡ್ಲೆ
ಮ್ಯಾಲಿನ ಗವಸಣಿಗಿ ಗಕ್ಕನ ಬಿಗೀತು,
ಒಳಗ ಇನ್ನೂ ಕುದಿಯಾಕತ್ತಿತ್ತು.
ತುಂಬೂದು, ಹೊಲಿಯೂದು, ಮುಗೀತು; ಪದರಾ ಗಿದರಾ ಏನಿಲ್ಲ.
ಗುಡ್ಡದಾಗ ಒಂದರ ಮ್ಯಾಲೊಂದು ಒಟ್ಟಿದ್ದುವಲ್ಲ,
ಮದವಿ ಮನ್ಯಾಗ ಒಟ್ಟಿದಂಗ?"

ಒಟ್ಟಿದ್ದವು. ಮೇಡಮ್ಮು ಕೋಟಿ ವರ್ಷಗಳ ಲೆಕ್ಕ ಹೇಳುವಾಗ
ನಾನು ಪೊದೆಯ ಹಿಂದೆ ಕಾರೆಹಣ್ಣು ತಿನ್ನುತ್ತಿದ್ದೆ.

"ಹಂಗಾದ್ರ ಯಾವುದು ಹಿರೇದು?"
ಅವನು ಮಾತಾಡಲಿಲ್ಲ. ಕೈ ಒರೆಸಿ, ಒಳಗೆ ಹೋಗಿ
ಕಪಾಟಿನ ಹಿಂದಿನಿಂದ ಇನ್ನೊಂದು ತಂದ,
ರಿಜಿಸ್ಟರಿನಲ್ಲಿ ಇಲ್ಲದ್ದು:
ಕೆಂಪು ಕಲ್ಲು, ಅದರ ಹೊಟ್ಟೆಯೊಳಗೆ
ನುಣ್ಣಗೆ ಸವೆದ ಒಂದು ಕಪ್ಪು ಹರಳು.

"ದಿಂಬು ಹರದು, ಹಿಂಜಿ ಹಿಂಜಿ, ಕೌದ್ಯಾಗ ಸೇರೇತಿ.
ಹಿಂಜಿದಾವ ಯಾರಂತ ನಮ್ಮಪ್ಪನ್ನ ಕೇಳಬೇಕಿತ್ತು."

ಮರುದಿನ ಧಾರವಾಡದಿಂದ ಬಂದ ಪರೀಕ್ಷಕರು
ಕನ್ನಡಕ ಹಣೆಗೇರಿಸಿ ಎರಡು ಕಲ್ಲು ಮುಂದಿಟ್ಟರು:
ವ್ಯತ್ಯಾಸ ಹೇಳಮ್ಮ, ಐದು ಅಂಕ.
ಪುಸ್ತಕದ ಶಬ್ದ ಒಂದೂ ಬಾಯಿಗೆ ಬರಲಿಲ್ಲ.
ಕೌದಿ, ಅಂದೆ. ದಿಂಬು, ಅಂದೆ.
ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದಿದ್ದವನು
ಜಂತಿ ಎಣಿಸತೊಡಗಿದ.
"ನಿಮ್ಮನೀಯೊಳಗ ಕೌದಿ ಯಾರು ಹೊಲೀತಾರವಾ?"
ಅವ್ವ, ಅಂದೆ. ಮೂರು ಕೊಟ್ಟರು.

ಸಂಜೆ ಹೊಸ ಚೀಟಿಗಳನ್ನು ಬರೆಯಲು ನನ್ನನ್ನೇ ಕೂರಿಸಿದ.
ಮರಳುಗಲ್ಲು, ಬರೆದೆ. ಲಾವಾ ಶಿಲೆ, ಬರೆದೆ.
ಅಂಟು ಹಚ್ಚುತ್ತ ಮೂರನೆಯದಕ್ಕೆ ಕೈ ಚಾಚಿದರೆ
"ಅದಕ್ಕ ಬ್ಯಾಡ್ರಿ, ಅದು ನಂದು" ಎಂದು
ಅಂಗಿಯ ಕಿಸೆಗೆ ಹಾಕಿಕೊಂಡ.
ಕಿಸೆ ಒಂದು ಬದಿಗೆ ಜೋತುಬಿತ್ತು. ಹಾಗೇ
ವಾಲಿಕೊಂಡು ಸೈಕಲ್ಲು ಹತ್ತಿ ಹೋದ.