ಮೂರು ಗಂಟೆಯ ಹಾಲು

ಸಂಪಾಜೆಯ ಕೆಳಗೆ, ಶೀಟು ಒಣಗಿಸುತ್ತಿದ್ದ ಹೊಗೆಮನೆಯಲ್ಲಿ
ಈಗ ಹೊಗೆಯಿಲ್ಲ. ಮೂರು ಸಲ ಸುಣ್ಣ ಬಳಿದರೂ
ವಾಸನೆ ಹೋಗಿಲ್ಲವೆಂದು ಚೋಂದಮ್ಮ ಮೇಡಂ
ಮೂಗಿನ ಬಟ್ಟೆ ಏರಿಸುತ್ತಾರೆ.
ನನಗದು ಅಮ್ಮನ ಸೀರೆ.

ಕೆಲಸ ಸಿಕ್ಕಿದ್ದು ಓದಿಗಲ್ಲ, ಎಚ್ಚರಕ್ಕೆ.
ಹತ್ತೊಂಬತ್ತು ವರ್ಷ ಮೂರಕ್ಕೆ ಎದ್ದು
ಹಣೆಗೆ ಲೈಟು ಕಟ್ಟಿ
ಮುನ್ನೂರು ಮರ ಮುಗಿಸಿ ಬೆಳಗು ಕಂಡವಳು.
ಇಲ್ಲಿ ಕಾಯಬೇಕಾದ್ದು ಒಂದೇ:
ನನ್ನ ಸೊಂಟದೆತ್ತರದ ಸ್ಟೀಲಿನ ಡ್ರಮ್ಮು.
ಮೂವತ್ತು ಡಿಗ್ರಿ ದಾಟಬಾರದು, ಇಳಿಯಬಾರದು.
ಮೂವತ್ತು ನನಗೆ ಪರಿಚಯದ ಅಂಕಿ.
ಎಡದ ಮೇಲಿಂದ ಬಲದ ಕೆಳಗೆ
ತೊಗಟೆಯಲ್ಲಿ ಕತ್ತಿ ಜಾರುವ ಓರೆಯೂ ಅಷ್ಟೇ.

ಒಳಗಿರುವವು ಕಣ್ಣಿಗೆ ಬೀಳದ ಜೀವ.
"ಕರುಳಲ್ಲಿರೋ ಬ್ಯಾಕ್ಟೀರಿಯಾದ ನೆಂಟರು, ಸೆಲ್ವಮಣಿ,
ಮರದ ನಾಲ್ಕು ಜೀನು ಇವಕ್ಕೆ ಹೊಲಿದಿದ್ದೇವೆ."
ಊಟಕ್ಕೆ ಕಾಫಿ ಹಣ್ಣಿನ ಸಿಪ್ಪೆನೀರು,
ಸುಂಟಿಕೊಪ್ಪದಿಂದ ಪಿಕಪ್ಪಿನಲ್ಲಿ ಬರುವ ಕಂದು ಲೋಳೆ.
ಹಿಂದೆ ಪಲ್ಪರಿನಿಂದ ನೇರ ತೋಡಿಗೆ ಬಿದ್ದು
ಮೀನನ್ನು ಹೊಟ್ಟೆ ಮೇಲಾಗಿಸಿ ತೇಲಿಸುತ್ತಿದ್ದದ್ದು ಇದೇ.
ಸೋಸಿ, ಕುದಿಸಿ, ಆರಿಸಿ ಕುಡಿಸುತ್ತೇನೆ.

ಒಂದು ರಾತ್ರಿ ಕೇಳಿದೆ:
ಮರ ಹಾಲು ಬಿಡೋದು ಗಾಯ ಮುಚ್ಚಿಕೊಳ್ಳೋಕೆ.
ಇವಕ್ಕೆ ತೊಗಟೆಯಿಲ್ಲ, ಗಾಯವಿಲ್ಲ, ಇನ್ಯಾಕೆ?
ಮೇಡಂ ಪೆನ್ನು ಕಚ್ಚಿ ಕೂತರು.
"ಮರಕ್ಕೂ ಯಾಕೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ."
ಅವತ್ತಿನಿಂದ ಅವರ ಮೇಲೆ ನಂಬಿಕೆ ಬಂತು.

ಹಾಲು ಬೇರೆಮಾಡಲು ಎಲ್ಲವನ್ನೂ ಕೊಲ್ಲಬೇಕು.
ಎಷ್ಟು ಸತ್ತವು? ಎಂದೆ.
ಸೊನ್ನೆಗಳನ್ನು ಬರೆಯುತ್ತ ಹೋದವರು
ಹಾಳೆಯಂಚಿನಲ್ಲಿ ನಿಲ್ಲಿಸಿದರು.
ಮರ ಹಾಗಲ್ಲ ಮೇಡಂ,
ಒಂದು ದಿನ ಬಿಟ್ಟು ಒಂದು ದಿನ, ಇಪ್ಪತ್ತೈದು ವರ್ಷ ಕೊಡುತ್ತೆ.
"ಅದಕ್ಕೆ ಗುಡ್ಡ ಬೇಕಲ್ಲ," ಎಂದರು.
ನಾನು ಸುಮ್ಮನಾದೆ.
ಗುಡ್ಡವೇ ಇಳಿದು ಬಂದ ಆ ಆಗಸ್ಟಿನ ಮೇಲೆ
ನನ್ನ ಸಾಲಿನ ಚಿಪ್ಪುಗಳು ಪಯಸ್ವಿನಿಯ ಮರಳಲ್ಲಿ ಸಿಕ್ಕಿದ್ದವು,
ಒಂದರಲ್ಲಿ ಹಾಲು ಇನ್ನೂ ಹೆಪ್ಪುಗಟ್ಟಿಕೊಂಡೇ ಇತ್ತು.

ಮೊದಲ ಚೂರು ಬಂದದ್ದು ಕಕ್ಕಡದಲ್ಲಿ. ಉಗುರಿನಷ್ಟು.
ಯಂತ್ರ ಅಳೆಯಿತು. ಆಮೇಲೆ ನನ್ನ ಕೈಗಿಟ್ಟರು.
ಎರಡು ಬೆರಳ ನಡುವೆ ಎಳೆದೆ.
ಬಂತು, ಬಂತು,
ಬಿಟ್ಟರೆ ಅಲ್ಲೇ ನಿಂತಿತು, ಹಲಸಿನ ಮೇಣದ ಹಾಗೆ.
"ಸರಪಳಿ ಗಿಡ್ಡ," ಎಂದರು ಮೇಡಂ, "ಸಾವಿರಾರು ಕೊಂಡಿ ಬೇಕು."
ಹೋಗೋದು ಕಲಿತಿದೆ, ಎಂದೆ,
ಮರಳೋದು ಕಲಿತಿಲ್ಲ.

ಅಜ್ಜಿಯ ಕಾಗದದಲ್ಲಿ ಸರ್ಕಾರ ಬರೆದದ್ದು
ಮರಳಿ ಬಂದವಳು ಎಂದೇ.
ಹುಟ್ಟಿದ್ದು ಸಿಲೋನಿನ ತೋಟದಲ್ಲಿ.
ತಲೈಮನ್ನಾರಿನಲ್ಲಿ ಹಡಗು ಹತ್ತಿ
ಎಂದೂ ಕಾಣದ ಕಾಡಿಗೆ ಮರಳಿದಳು,
ತಗಡಿನ ಪೆಟ್ಟಿಗೆಯಲ್ಲಿ ಟ್ಯಾಪಿಂಗ್ ಕತ್ತಿ.
ಇಳಿದಲ್ಲೂ ಅದೇ ಮರ.
ಎಳೆದವರು ಬಿಟ್ಟ ಮೇಲೆ
ಅವಳು ಮೊದಲಿನ ಉದ್ದಕ್ಕೆ ಬಂದಳೋ ಇಲ್ಲವೋ
ಯಾರೂ ಅಳೆದು ನೋಡಲಿಲ್ಲ.

ಈಗ ಮೂರೂ ಹತ್ತು. ಡ್ರಮ್ಮು ಗೊರಗೊರ ಅನ್ನುತ್ತಿದೆ.
ಹೊರಗೆ ರಬ್ಬರ್ ಕಾಯಿ ಸಿಡಿದು
ತಗಡಿನ ಮೇಲೆ ಬೀಜ ಉರುಳುವ ಸದ್ದು.
ಎದುರಿನ ದಿಬ್ಬದಲ್ಲಿ ಒಂದು ಬೆಳಕು
ಮರದಿಂದ ಮರಕ್ಕೆ ಹೋಗುತ್ತಿದೆ. ನಾದಿನಿ ಮರಗದಂ.
ನನ್ನ ಸಾಲು ಈಗ ಅವಳದ್ದು.
ಇದು ಗೆದ್ದರೆ ಅವಳಿಗೇನು ಎಂದು ಕೇಳಿದ್ದಕ್ಕೆ
ಮೇಡಂ ಲೆಕ್ಕ ಹಾಕಿ ಹೇಳಿದ್ದರು:
ಈ ಡ್ರಮ್ಮು ವರ್ಷವಿಡೀ ದುಡಿದರೂ
ಸೈಕಲ್ಲಿನ ಒಂದು ಟ್ಯೂಬು.
ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಲವತ್ತೊಂದನೇ ಸಲದ ಹಾಲು.
ಗಾಜಿನ ಕಿಂಡಿಗೆ ಹಣೆಯ ಲೈಟು ಹಿಡಿದೆ,
ಅಭ್ಯಾಸಬಲ.
ಎಳೆದು ನೋಡಲು ಇನ್ನೂ ಆರು ಗಂಟೆ.
ಬೆರಳು ತೊಳೆದುಕೊಂಡು ಕೂತಿದ್ದೇನೆ.