ಗೇಣಿಗೆ ಎರಡು ಬೆರಳು ಕಡಿಮೆ

ಹುಲಿಕಲ್ ಗುಡ್ಡದ ಅರಣ್ಯ ವೈರ್‌ಲೆಸ್ ಕೋಣೆಯಿಂದ
ಗೋಣಿಚೀಲದಲ್ಲಿ ಸುತ್ತಿ, ಬಸ್ಸಿಗೆ ಹಾಕಿ
ಕಳಿಸಿದ್ದಾನೆ ಹಾಲಪ್ಪ ತನ್ನ ಮೀಟರು.
ಗಾಜು ಸೀಳಿದೆ. ಮುಳ್ಳಿನ ಬುಡದಲ್ಲಿ ಒಂದು ಸತ್ತ ಇರುವೆ.
ಜೊತೆಗೊಂದು ಚೀಟಿ:
"ಮೇಡಂ, ಇದು ಸುಳ್ಳು ಹೇಳುತ್ತದಾ ನೋಡಿ.
ನಾನಂತೂ ಹೇಳಿಲ್ಲ."

ಆಫೀಸಿನ ಹೊಸ ಮೀಟರು ಜೀಪಿನಲ್ಲಿ ಗುಡ್ಡ ಹತ್ತಿ
ಐವತ್ತಾರು ಎಂದಿತ್ತು.
ಅವನ ಪುಸ್ತಕದಲ್ಲಿ ನಲವತ್ತೆಂಟು.
ಎಂಟು ವಾಟ್ ಎಲ್ಲಿ ಹೋಯಿತು ಎಂದು ಮೆಮೊ.
ಎಂಟು ವಾಟನ್ನು ಯಾರಾದರೂ
ಬುತ್ತಿಯಲ್ಲಿ ಕಟ್ಟಿ ಮನೆಗೆ ಒಯ್ಯುತ್ತಾರಾ ಮಾರಾಯ್ರೆ?

ಮಾಡಿದ್ದು ಇಷ್ಟೇ. ಮುಳ್ಳುಹಂದಿ ಕಡಿದ ಕೇಬಲ್ಲಿನ ಜಾಗಕ್ಕೆ
ಹೊಸನಗರದ ಅಂಗಡಿಯ ಟೀವಿ ಕೇಬಲ್ ಕಟ್ಟಿದ್ದ.
ಸೆಟ್ಟು ಐವತ್ತು ಓಮಿನದು, ಕೇಬಲ್ಲು ಎಪ್ಪತ್ತೈದರದು.
ಜೋಡಿಯಾಗದ ಕಡೆ, ಹೋದದ್ದರಲ್ಲಿ ಸ್ವಲ್ಪ
ಹೊಸ್ತಿಲು ಎಡವಿ ವಾಪಸು ಬರುತ್ತದೆ,
ಹೋದ ಪುಟ್ಟ, ಬಂದ ಪುಟ್ಟ.
ಹೋಗುವುದಕ್ಕೆ ಬರುವುದು ಎದುರಾಗಿ
ತಂತಿಯುದ್ದಕ್ಕೂ ಇಲ್ಲಿ ಉಬ್ಬು, ಅಲ್ಲಿ ತಗ್ಗು.
ಎಲ್ಲಿ ನಿಂತು ಕೇಳುತ್ತೀರಿ ಎಂಬುದರ ಮೇಲೆ ಉತ್ತರ.

ಶಿವಮೊಗ್ಗದಲ್ಲಿ ಭಾನುವಾರ. ವರ್ಕ್‌ಶಾಪಿನಲ್ಲಿ ನಾನು, ಫ್ಯಾನು.
ಪೇಂಟಿನ ಡಬ್ಬ, ಮೆಸ್ಕಾಂನವರನ್ನು ಕಾಡಿ ತಂದ
ಒಂದು ಲೀಟರ್ ಟ್ರಾನ್ಸ್‌ಫಾರ್ಮರ್ ಎಣ್ಣೆ,
ಅದರಲ್ಲಿ ಮುಳುಗಿದ ಐವತ್ತು ಓಮಿನ ರೆಸಿಸ್ಟರು.
ಮೊದಲು ಬ್ಯಾಟರಿಗಳಿಂದ ಐವತ್ತು ವಾಟ್:
ಹತ್ತು ನಿಮಿಷಕ್ಕೆ ಹದಿನಾರು ಡಿಗ್ರಿ.
ಇನ್ನು ಸೆಟ್ಟು. ಅದೇ ಹತ್ತು ನಿಮಿಷ, ಅದೇ ಹದಿನಾರು
ಬರುವವರೆಗೆ ಅದರ ಕಿವಿ ತಿರುಗಿಸುವುದು.
ಎಣ್ಣೆಗೆ ಹೋದದ್ದೆಷ್ಟು ಬಂದದ್ದೆಷ್ಟು ಗೊತ್ತಿಲ್ಲ.
ಉಳಿದದ್ದು ಗೊತ್ತು.

ಟೀವಿ ಕೇಬಲ್ಲನ್ನು ತುಂಡು ಮಾಡಿದೆ,
ಒಂದೊಂದು ತುಂಡು ಗೇಣಿಗೆ ಎರಡು ಬೆರಳು ಕಡಿಮೆ,
ನೂರಾ ನಲವತ್ತೈದು ಮೆಗಾಹರ್ಟ್ಸಿಗೆ ಅಲೆಯ ಎಂಟನೇ ಪಾಲು.
ನಾಲ್ಕು ತುಂಡು ಸೇರಿಸಿ ಓದು, ಐದು ಸೇರಿಸಿ ಓದು, ಆರು.
ನಡುವೆ ಎಣ್ಣೆ ತಣ್ಣಗಾಗಲು ಕಾಯಬೇಕು.
ತಾಳಗುಪ್ಪದ ರೈಲು ಕೂಗಿತು. ಮಂಡಕ್ಕಿ ಮುಗಿಯಿತು.

ಹಾಲಪ್ಪನ ಮೀಟರು:
ಹೋದದ್ದು ನಲವತ್ತೆಂಟು, ಬಂದದ್ದು ಸೊನ್ನೆ.
ಐವತ್ತೆರಡು, ನಾಲ್ಕು.
ಐವತ್ತಾರು, ಎಂಟು.
ಮೂರು ಸಲವೂ ಕಳೆದು ನೋಡಿದೆ, ಬೆರಳೆಣಿಸಿಯೂ ನೋಡಿದೆ.
ನಲವತ್ತೆಂಟೇ.
ಎರಡು ಕಡಿಮೆ, ಎಲ್ಲಿ ನಿಲ್ಲಿಸಿದರೂ ಎರಡು ಕಡಿಮೆ.
ಇದು ಸುಳ್ಳಲ್ಲ. ನಮ್ಮ ತಾತನ ಗಡಿಯಾರ ಹಿಂದಿರುತ್ತಿದ್ದ ಹಾಗೆ,
ಮನೆಯವರಿಗೆಲ್ಲ ಎಷ್ಟು ಹಿಂದೆ ಅಂತ ಗೊತ್ತಿತ್ತು.

ಹೊಸದು, ಸೀಲು, ಸರ್ಟಿಫಿಕೇಟು, ವೆಲ್ವೆಟ್ಟಿನ ಪೆಟ್ಟಿಗೆ:
ಐವತ್ತೆರಡು, ಸೊನ್ನೆ.
ಐವತ್ತನಾಲ್ಕು, ಏಳು.
ಅರವತ್ತೊಂದು, ಐದು.
ಉಳಿದದ್ದು ಐವತ್ತೆರಡು, ನಲವತ್ತೇಳು, ಐವತ್ತಾರು.
ಎಣ್ಣೆ ಅಲ್ಲಾಡಲಿಲ್ಲ. ಹದಿನಾರು, ಹದಿನಾರು, ಹದಿನಾರು.
ಮತ್ತೆ ಮಾಡಿದೆ. ನನ್ನ ಪ್ಲಗ್ಗೇ ಸಡಿಲವಿರಬಹುದು ಅಂತ
ಬಿಚ್ಚಿ ಬೆಸುಗೆ ಹಾಕಿ ಮತ್ತೆ.
ಎಪ್ಪತ್ತೈದರ ಎದುರು ನಿಂತರೆ ಅದಕ್ಕೆ
ಹೋಗುವವರು ಯಾರು, ಬರುವವರು ಯಾರು, ಗುರುತೇ ಸಿಗದು.
ಸರಿಯಾದ ಕೇಬಲ್ಲಿನಲ್ಲಿ ಮಾತ್ರ ಗಂಭೀರ.
ಆ ಸರ್ಟಿಫಿಕೇಟನ್ನು ಕೊಟ್ಟದ್ದೂ ಅಲ್ಲಿಯೇ.

ಫಾರಮ್ಮಿನಲ್ಲಿ ಎರಡೇ ಕಾಲಂ. ಪಾಸು, ಫೇಲು.
ಕೆಳಗೆ ಖರೀದಿಸಿದ ಸಾಹೇಬರ ಸಹಿಗೆ ಜಾಗ.
ಅಲ್ಲಿ ನನ್ನ ಹೆಬ್ಬೆರಳಿನ ಎಣ್ಣೆ ಹತ್ತಿದೆ.

ಬಿಳಿ ಟೇಪು ಹರಿದು ಒಡೆದ ಗಾಜಿನ ಮೇಲೆ ಅಂಟಿಸಿದೆ:
ಎರಡು ಸೇರಿಸಿ ಓದಿ.
ಆಮೇಲೆ ಸೆಟ್ಟಿನ ಗುಂಡಿ ಒತ್ತಿ ಕರೆದೆ.
ಹುಲಿಕಲ್, ಹುಲಿಕಲ್.
"ಹೇಳಿ ಮೇಡಂ," ಬೇರೆಯವರ ಮೀಟರು ಇಟ್ಟುಕೊಂಡವನ ದನಿ.
ಹಾಲಪ್ಪ, ನಿನ್ನದಕ್ಕೆ ಎರಡು ಸೇರಿಸಿಕೋ.
ಆಫೀಸಿನದ್ದು ಟೀವಿ ಕೇಬಲ್ಲಿಗೆ ಹೆದರುತ್ತೆ. ಮುಗೀತು.

ನಗರ, ಕಾರ್ಗಲ್, ಆಗುಂಬೆ, ಸಾಹೇಬರ ಜೀಪು,
ಎಲ್ಲರೂ ಅದೇ ಚಾನೆಲ್ಲಿನಲ್ಲಿದ್ದಾರೆಂದು
ಹೇಳಿಯಾದ ಮೇಲೆ ನೆನಪಾಯಿತು.
ಬರೀ ಸೊಯ್ ಎಂಬ ಸದ್ದು.
ಆಮೇಲೆ ಯಾರೋ, ಎಲ್ಲಿಂದಲೋ,
ಮಾತಾಡದೆ ಗುಂಡಿಯನ್ನೊಮ್ಮೆ ಒತ್ತಿ ಬಿಟ್ಟರು.